ಆಗಬೋಟಿನ ದಾರಿಯಲ್ಲಿ ಒಂದು ದಿನ

ಕಳೆದ ಡಿಸೆಂಬರ್ ರಜೆಯಲ್ಲಿ ನಾವು ನಾಲ್ವರು, ಅಂದರೆ ನಾನು, ನನ್ನವರು, ಎಂಟು ವರ್ಷದ ಮಗಳು ಮತ್ತು ಅಮ್ಮ, ಕೊಚ್ಚಿಯಿಂದ ಕ್ರೂಸ್ ಹಡಗು ಹತ್ತಿದೆವು. ನಾನು ಕೆಲಸ ಮಾಡುವುದು ಕೊಚ್ಚಿಯ ಐಟಿ ಕಂಪನಿಯೊಂದರಲ್ಲಿ. ಅಮ್ಮ ಕುಂದಾಪುರದಿಂದ ಬಂದು ಎರಡು ತಿಂಗಳು ನಮ್ಮ ಜೊತೆ ಇದ್ದಳು. ಹಡಗು ಒಂದು ದಿನ ಮುಂಬಯಿಯಲ್ಲಿ ನಿಲ್ಲುತ್ತದೆ, ಬೆಳಿಗ್ಗೆ ಇಳಿದವರು ಸಂಜೆ 5 ಗಂಟೆಯೊಳಗೆ ವಾಪಸು ಹತ್ತಬೇಕು. ಎಂ.ಟೆಕ್ ಓದಿದ ತಪ್ಪಿಗೆ ನಾನು ಆ ಎಂಟು ಗಂಟೆಗೆ ಒಂದು ಎಕ್ಸೆಲ್ ಶೀಟ್ ಮಾಡಿಟ್ಟಿದ್ದೆ. ಗೇಟ್‌ವೇ, ಅಲ್ಲಿಂದ ಎಲಿಫೆಂಟಾ, ಸಮಯ ಉಳಿದರೆ ಮ್ಯೂಸಿಯಂ. ನಿಮಿಷದ ಲೆಕ್ಕವೂ ಇತ್ತು.

ಹಿಂದಿನ ರಾತ್ರಿ ಊಟ ಮಾಡುತ್ತಾ ಶೀಟ್ ಓದಿ ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, "ಗೇಟ್‌ವೇ ಎಲ್ಲ ಟೀವಿಯಗೆ ಕಂಡ್ ಆಯ್ತ್ ಮಾರಾಯ್ತಿ. ನಂಗೆ ಅಪ್ಪಯ್ಯ ಇಳ್ದ್ ಜಾಗ ಒಂದ್ ಕಾಣ್ಕ್" ಅಂದಳು. ಎಲಿಫೆಂಟಾಕ್ಕೆ ದೋಣಿಯಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ಅಲ್ಲಿ ಮೆಟ್ಟಿಲು ಹತ್ತಿ ನೋಡಲು ಎರಡು ಗಂಟೆಯಾದರೂ ಬೇಕು. ಎರಡನ್ನೂ ಮಾಡಲು ಆಗುವುದಿಲ್ಲ. ಸ್ವಲ್ಪ ಮುನಿಸಿಕೊಂಡೇ ನಾನು ಶೀಟ್ ಮುಚ್ಚಿದೆ.

ಅಪ್ಪಯ್ಯ ಅಂದರೆ ಅಮ್ಮನ ಅಪ್ಪ, ನನ್ನ ಅಜ್ಜಯ್ಯ. 1946ರಲ್ಲಿ, ದೀಪಾವಳಿ ಕಳೆದ ಮೇಲೆ, ಹನ್ನೆರಡನೇ ವಯಸ್ಸಿನಲ್ಲಿ ಅವರು ಗಂಗೊಳ್ಳಿಯಿಂದ ಮಚ್ವೆಯಲ್ಲಿ ಹೋಗಿ, ಆಳದ ನೀರಿನಲ್ಲಿ ನಿಂತಿದ್ದ ಆಗಬೋಟು ಹತ್ತಿ ಬೊಂಬಾಯಿಗೆ ಹೊರಟರು. ಟಿಕೆಟ್ಟಿಗೆ ಅವರ ಅಮ್ಮ ಮೂಗುಬೊಟ್ಟು ಮಾರಿದ್ದರಂತೆ. ನಮ್ಮ ಮನೆಯಲ್ಲಿ ನೂರು ಸಲ ಕೇಳಿದ ಕಥೆ ಇದು. ಆದರೆ ಇದು ನಮ್ಮೊಬ್ಬರ ಮನೆಯ ಕಥೆಯಲ್ಲ ಎಂಬುದು ಆ ದಿನ ಮುಂಬಯಿಯಲ್ಲಿ ಸುತ್ತಿದ ಮೇಲೆ, ಬಂದು ಒಂದಿಷ್ಟು ಓದಿದ ಮೇಲೆ ನನಗೆ ಅರ್ಥವಾಯಿತು. ಅದಕ್ಕೇ ನಮ್ಮ ಮಹಿಳಾ ವೇದಿಕೆಯ ಸಂಚಿಕೆಗೆ ಇದನ್ನೇ ಬರೆಯುತ್ತಿದ್ದೇನೆ.

ಯಾಕೆ ಆಗಬೋಟು? ಇಂದಿನ ಮಕ್ಕಳಿಗೆ ಈ ಪ್ರಶ್ನೆ ಬರುವುದು ಸಹಜ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಮದರಾಸಿನ ಕಡೆಯಿಂದ. ಕರಾವಳಿಯುದ್ದಕ್ಕೂ ಮುಂಬಯಿಗೆ ಹೋಗುವ ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಮಧ್ಯದ ತೊಂಬತ್ತು ವರ್ಷ ನಮ್ಮ ಊರಿನಿಂದ ಮುಂಬಯಿಗೆ ಹೋಗುವವರಿಗೆ ಎರಡೇ ದಾರಿ. ಒಂದು, ಘಟ್ಟ ಹತ್ತಿ ಹುಬ್ಬಳ್ಳಿಯಂಥ ಊರು ಸೇರಿ ಅಲ್ಲಿಂದ ರೈಲು. ಇನ್ನೊಂದು, ಸಮುದ್ರ. ನದಿಗಳಿಗೆ ಸೇತುವೆಯಿಲ್ಲದ ಕಾಲದಲ್ಲಿ ಪ್ರತಿ ಹೊಳೆಗೂ ಇಳಿದು ದೋಣಿ ದಾಟಬೇಕಿದ್ದ ರಸ್ತೆಗಿಂತ ಸಮುದ್ರವೇ ಸಲೀಸು. ಮಂಗಳೂರು, ಮಲ್ಪೆ, ಭಟ್ಕಳ, ಹೊನ್ನಾವರ, ಕುಮಟಾ, ಕಾರವಾರ ಎಂದು ಕರಾವಳಿಯ ಬಂದರುಗಳ ಸರಪಳಿಯೇ ಆ ದಾರಿ. ಬಾಂಬೆ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಡಗುಗಳು ಈ ಕರಾವಳಿಯಲ್ಲಿ ಓಡಾಡುತ್ತಿದ್ದವು. ಮಳೆಗಾಲ ಶುರುವಾದರೆ ಎಲ್ಲ ಬಂದ್. ಜೂನ್‌ನಿಂದ ಮಳೆ ಇಳಿಯುವವರೆಗೆ ಬೊಂಬಾಯಿಯಲ್ಲಿದ್ದವರು ಬೊಂಬಾಯಿಯಲ್ಲೇ, ಊರಲ್ಲಿದ್ದವರು ಊರಲ್ಲೇ.

ಇನ್ನೊಂದು ವಿಷಯ. ಆಗ ಕರ್ನಾಟಕ ಎನ್ನುವ ರಾಜ್ಯವೇ ಇರಲಿಲ್ಲ. ನಮ್ಮ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರು. ಧಾರವಾಡ, ಬೆಳಗಾವಿ, ವಿಜಾಪುರಗಳೂ ಮುಂಬಯಿಯವೇ. 1956ರ ನವೆಂಬರ್ 1ರವರೆಗೆ ಅಲ್ಲಿಯ ಕನ್ನಡಿಗರಿಗೆ ಮುಂಬಯಿ ಎಂದರೆ ಪರದೇಶವಲ್ಲ, ತಮ್ಮದೇ ರಾಜಧಾನಿ. ಹೈಕೋರ್ಟಿನ ಅಪೀಲು, ದೊಡ್ಡ ಕಾಲೇಜು, ಸರ್ಕಾರಿ ಕೆಲಸ ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರ್ ಅವರು ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾದದ್ದು, 1900ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದದ್ದು ಇದೇ ದಾರಿಯಲ್ಲಿ. ಚಂದಾವರಕರ್ ಅವರಂಥವರು ಕೋರ್ಟಿಗೆ ಹೋದರು, ನಮ್ಮ ಅಜ್ಜಯ್ಯನಂಥವರು ಹೋಟೆಲಿಗೆ ಹೋದರು. ಬಂದರು ಮಾತ್ರ ಇಬ್ಬರಿಗೂ ಒಂದೇ.

ನಮ್ಮ ಹಡಗು ನಿಂತದ್ದು ಬಲ್ಲಾರ್ಡ್ ಪಿಯರ್‌ನ ಕ್ರೂಸ್ ಟರ್ಮಿನಲ್‌ನಲ್ಲಿ. ಮುಂಬಯಿ ಪೋರ್ಟ್ ಟ್ರಸ್ಟ್ ಕಟ್ಟಿದ ಕರ್ನಲ್ ಬಲ್ಲಾರ್ಡ್ ಅವರ ಹೆಸರು ಇದಕ್ಕೆ. 1914ರಲ್ಲಿ ಮುಗಿದ ಅಲೆಕ್ಸಾಂಡ್ರಾ ಡಾಕ್ (ಈಗಿನ ಇಂದಿರಾ ಡಾಕ್) ಅಗೆದಾಗ ಬಂದ ಮಣ್ಣನ್ನೇ ಸಮುದ್ರಕ್ಕೆ ತುಂಬಿ ಪಕ್ಕದ ಬಲ್ಲಾರ್ಡ್ ಎಸ್ಟೇಟ್ ಮಾಡಿದ್ದು. ವಿಲಾಯತಿಯ ಸಾಹೇಬರು ಇಳಿಯುತ್ತಿದ್ದದ್ದು ಇಲ್ಲಿ. 1928ರಿಂದ ಅವರಿಗಾಗಿ ಇಲ್ಲಿಂದಲೇ ನೇರ ಫ್ರಾಂಟಿಯರ್ ಮೇಲ್ ರೈಲು ಪೇಶಾವರದ ಕಡೆಗೆ ಹೊರಡುತ್ತಿತ್ತು. ನಮ್ಮ ಊರಿನವರಿಗೆ ಈ ಕಟ್ಟೆ ಅಲ್ಲ. ಅವರದು ಭಾವುಚಾ ಧಕ್ಕಾ.

ಟ್ಯಾಕ್ಸಿಯವನಿಗೆ "ಫೆರಿ ವಾರ್ಫ್" ಎಂದು ನಾನು ಹೇಳುವ ಮೊದಲೇ ಅಮ್ಮ "ಭಾವುಚಾ ಧಕ್ಕಾ" ಅಂದಳು. ಅವನಿಗೆ ತಕ್ಷಣ ತಿಳಿಯಿತು. ಲಕ್ಷ್ಮಣ ಹರಿಶ್ಚಂದ್ರ ಅಜಿಂಕ್ಯ ಎಂಬವರು 1841ರಲ್ಲಿ ಕಟ್ಟಿಸಿದ ಧಕ್ಕೆ ಅದು. ಜನ ಅವರನ್ನು ಭಾವು ಎನ್ನುತ್ತಿದ್ದರು, ಧಕ್ಕೆಗೂ ಅದೇ ಹೆಸರು ಬಂತು. ಸುತ್ತಲ ಸಮುದ್ರವನ್ನು ತುಂಬಿ ಪ್ರಿನ್ಸಸ್ ಡಾಕ್ (1880), ವಿಕ್ಟೋರಿಯಾ ಡಾಕ್ (1888) ಎಲ್ಲ ಆದ ಮೇಲೂ ಹೆಸರು ಉಳಿದುಕೊಂಡಿದೆ.

ದಾರಿಯಲ್ಲಿ ಆ ಡಾಕ್‌ಗಳ ಉದ್ದನೆಯ ಗೋಡೆ ಸಿಗುತ್ತದೆ. 1944ರ ಏಪ್ರಿಲ್ 14ರ ಮಧ್ಯಾಹ್ನ ಇಲ್ಲಿಯೇ, ವಿಕ್ಟೋರಿಯಾ ಡಾಕ್‌ನಲ್ಲಿ, ಫೋರ್ಟ್ ಸ್ಟಿಕೀನ್ ಎಂಬ ಹಡಗು ಸಿಡಿಯಿತು. ಹತ್ತಿ, ಮದ್ದುಗುಂಡು, ಚಿನ್ನದ ಗಟ್ಟಿ ಎಲ್ಲ ಒಂದೇ ಹಡಗಿನಲ್ಲಿ ತುಂಬಿದ್ದರು. ನೂರಾರು ಜನ ಸತ್ತರು, ಸಾವಿರಾರು ಜನ ಮನೆ ಕಳೆದುಕೊಂಡರು. ಬೆಂಕಿ ಆರಿಸಲು ಹೋಗಿ ಸತ್ತ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಇಂದಿಗೂ ದೇಶದಲ್ಲೆಲ್ಲ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ನಮ್ಮ ಆಫೀಸಿನಲ್ಲಿ ವರ್ಷ ವರ್ಷ ಫೈರ್ ಡ್ರಿಲ್ ಮಾಡುವಾಗ ಈ ಮೂಲ ನನಗೆ ಗೊತ್ತೇ ಇರಲಿಲ್ಲ. ಅಜ್ಜಯ್ಯ ಬಂದದ್ದು ಇದಾಗಿ ಎರಡೂವರೆ ವರ್ಷಕ್ಕೆ.

ಧಕ್ಕೆಯಲ್ಲಿ ಇಳಿದಾಗ ಮೊದಲು ಸಿಕ್ಕಿದ್ದು ಮೀನಿನ ವಾಸನೆ. ಮಗಳು ಮೂಗು ಮುಚ್ಚಿಕೊಂಡಳು. ಕೋಳಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಜೋರಾಗಿ ಚೌಕಾಸಿ ಮಾಡುತ್ತಿದ್ದರು. (ಕೋಳಿ ಅಂದರೆ ಮುಂಬಯಿಯ ಮೂಲ ಮೀನುಗಾರರು. ನಮ್ಮ ಕಡೆಯ ಮೊಗವೀರರ ಹಾಗೆ.) ಕಾಂಕ್ರೀಟ್ ಕಟ್ಟೆ, ಕಬ್ಬಿಣದ ಗೇಟು, ಮಾಂಡ್ವಾಕ್ಕೆ ಕಾರು ಸಮೇತ ಹೋಗುವ ಹೊಸ ರೋ-ರೋ ಹಡಗು. ಅಮ್ಮ ಕಲ್ಲಿನ ಮೆಟ್ಟಿಲು ಹುಡುಕುತ್ತಿದ್ದಳು. ಅಜ್ಜಯ್ಯ ಹೇಳುತ್ತಿದ್ದ ಮೆಟ್ಟಿಲು. ಸಿಗಲಿಲ್ಲ. "ಇಷ್ಟೇಯಾ?" ಅಂದಳು. ನನಗೆ ಎಲಿಫೆಂಟಾ ತಪ್ಪಿದ ಸಿಟ್ಟು ಮತ್ತೊಮ್ಮೆ ಬಂತು, ಆದರೆ ಬಾಯಿ ಬಿಡಲಿಲ್ಲ.

ಆಮೇಲೆ ಅಮ್ಮನ ಕಣ್ಣು "ರೇವಸ್" ಎಂಬ ಬೋರ್ಡಿನ ಮೇಲೆ ಬಿತ್ತು. ಎದುರು ದಡದ ರೇವಸ್‌ಗೆ ಲಾಂಚು ಹೊರಡುವ ಜಾಗ. "ರಾಮದಾಸ್ ಹೋದದ್ದ್ ಇಲ್ಲಿಗೇ ಅಲ್ದಾ?" ಅಂದಳು.

ಎಸ್.ಎಸ್. ರಾಮದಾಸ್ ಎಂಬ ಆಗಬೋಟು 1947ರ ಜುಲೈ 17ರಂದು ಬೆಳಿಗ್ಗೆ ಇದೇ ಧಕ್ಕೆಯಿಂದ ರೇವಸ್‌ಗೆ ಹೊರಟಿತ್ತು. ಆಷಾಢದ ಅಮಾವಾಸ್ಯೆ, ಮಳೆಗಾಲದ ಸಮುದ್ರ. ಹಬ್ಬಕ್ಕೆ ಊರಿಗೆ ಹೊರಟ ಜನ. ದೊಡ್ಡ ಅಲೆಗೆ ಹಡಗು ವಾಲಿತು, ಜನ ಗಾಬರಿಯಿಂದ ಒಂದೇ ಬದಿಗೆ ಓಡಿದರು, ಹಡಗು ಮಗುಚಿತು. ಆರುನೂರಕ್ಕೂ ಹೆಚ್ಚು ಜನ ಸತ್ತರು. ಸ್ವಾತಂತ್ರ್ಯಕ್ಕೆ ಇನ್ನೂ ಒಂದು ತಿಂಗಳೂ ಇರಲಿಲ್ಲ. ದೇಶದ ಗಮನವೆಲ್ಲ ಬೇರೆ ಕಡೆ ಇದ್ದ ಸಮಯ.

ಸುದ್ದಿ ನಮ್ಮ ಊರಿಗೆ ತಲುಪಿದ್ದು ಅರ್ಧಂಬರ್ಧವಾಗಿ. "ಬೊಂಬಾಯಿ ಆಗಬೋಟು ಮುಳುಗಿತು" ಅಷ್ಟೇ. ಯಾವ ಹಡಗು, ಎಲ್ಲಿಗೆ ಹೋಗುತ್ತಿತ್ತು, ಏನೂ ಇಲ್ಲ. ಮುತ್ತಜ್ಜಿಗೆ ಓದು ಬಾರದು. ಮಗನಿಂದ ಕಾರ್ಡು ಬರುವವರೆಗೆ ಹನ್ನೆರಡು ದಿನ ಅವರು ಗಂಜಿ ಮಾತ್ರ ಕುಡಿದರಂತೆ. ಕಾರ್ಡು ಬಂದ ಮೇಲೆ, ಇನ್ನು ಸಮುದ್ರದಲ್ಲಿ ಬರಬೇಡ ಎಂದು ಬರೆಸಿದರು. ಘಟ್ಟದ ದಾರಿಯ ಖರ್ಚು ಅಜ್ಜಯ್ಯನ ಸಂಬಳಕ್ಕೆ ಆಗದು. ಅಮ್ಮನ ಮಾತು ಮೀರಲೂ ಆಗದು. ಹೀಗೆ ಹನ್ನೆರಡು ವರ್ಷಕ್ಕೆ ಹೋದ ಹುಡುಗ ಮೊದಲ ಸಲ ಊರಿಗೆ ಬಂದದ್ದು ಹದಿನೇಳಕ್ಕೆ. ಅಂಗಳದಲ್ಲಿ ನಿಂತವನನ್ನು ಮುತ್ತಜ್ಜಿ "ಯಾರು?" ಎಂದು ಕೇಳಿದರಂತೆ.

ಅಮ್ಮ ಇದನ್ನು ಹೇಳಿ ಮುಗಿಸುವಾಗ ಮಗಳು ಮೂಗಿನಿಂದ ಕೈ ತೆಗೆದಿದ್ದಳು.

ಅಲ್ಲಿಂದ ಮಾಟುಂಗಾ. 1896ರ ಪ್ಲೇಗಿನ ನಂತರ, ಇಕ್ಕಟ್ಟಾದ ಊರನ್ನು ಉತ್ತರಕ್ಕೆ ಹರಡಲು ಸರ್ಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿತು. ದಾದರ್, ಮಾಟುಂಗಾ, ವಡಾಲಾದ ಅಗಲವಾದ ರಸ್ತೆ, ಮರಗಳ ಸಾಲು, ಉದ್ಯಾನ ಎಲ್ಲ ಆ ಯೋಜನೆಯವು. ದಕ್ಷಿಣದಿಂದ ಬಂದ ಗುಮಾಸ್ತರು, ಟೈಪಿಸ್ಟರು ಇಲ್ಲಿ ನೆಲೆಸಿದರು. ಅವರ ಹಿಂದೆಯೇ ಊಟ ಹಾಕುವವರು ಬಂದರು. ಮಾಟುಂಗಾ ಸ್ಟೇಷನ್ ಪಕ್ಕದ ಮಾರ್ಕೆಟ್ಟಿನ ಮಹಡಿಯಲ್ಲಿ ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಈಗಲೂ ಇದೆ. ನಾವು ಊಟ ಮಾಡಿದ್ದು ಅಲ್ಲೇ. ಬಾಳೆ ಎಲೆ, ಸಾರು, ಹುಳಿ, ಪಲ್ಯ, ಮಜ್ಜಿಗೆ. ಮುಂಬಯಿಯಲ್ಲಿ ಕೂತು ಊರಿನ ಮದುವೆಮನೆಯ ಊಟ ಮಾಡಿದ ಹಾಗಾಯಿತು.

ಅಜ್ಜಯ್ಯ ಕೆಲಸ ಮಾಡಿದ್ದು ಫೋರ್ಟಿನ ಇನ್ನೊಂದು ಹೋಟೆಲಿನಲ್ಲಿ. ಮೊದಲು ಲೋಟ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಸಪ್ಲೈಯರ್, ಕೊನೆಗೆ ಗಲ್ಲಾ. ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಟೇಬಲ್‌ಗಳನ್ನು ಜೋಡಿಸಿ ಮಲಗುವುದು. ಮಲಗುವ ಮೊದಲು ರಾತ್ರಿಶಾಲೆ. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬಗ್ಗೆ ಯಾರಾದರೂ ಒಂದು ದೊಡ್ಡ ಪುಸ್ತಕ ಬರೆಯಬೇಕು. ಹಗಲೆಲ್ಲ ನೀರಿನಲ್ಲಿ ನೆನೆದು ಬಿಳಿಚಿದ ಬೆರಳುಗಳಲ್ಲಿ ಪೆನ್ಸಿಲ್ ಹಿಡಿದ ಹುಡುಗರು ಅಲ್ಲಿ ಮೆಟ್ರಿಕ್ ಪಾಸು ಮಾಡಿದರು. ಕೆಲವರು ವಕೀಲರಾದರು, ಬ್ಯಾಂಕು ಸೇರಿದರು. ಇಂಥ ಶಾಲೆಗಳನ್ನು ನಡೆಸಿದವರು ಶ್ರೀಮಂತರೇನಲ್ಲ. ಜಾತಿ ಸಂಘ, ಊರಿನ ಸಂಘ, ಕನ್ನಡ ಸಂಘಗಳು. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1927ರ ಬಂಟರ ಸಂಘ, 1933ರ ಕರ್ನಾಟಕ ಸಂಘ, ಬಿಲ್ಲವರ ಅಸೋಸಿಯೇಷನ್, ವಡಾಲಾದ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿ. ಒಂದೊಂದೂ ಒಂದೊಂದು ಕೆಲಸ ಹೊತ್ತುಕೊಂಡಿತು. ಯಾರೋ ಶಾಲೆ, ಯಾರೋ ಗ್ರಂಥಾಲಯ, ಯಾರೋ ನಾಟಕ.

ಇದೆಲ್ಲ ಹೆಮ್ಮೆಯಿಂದ ನಾನು ಹೇಳುತ್ತಿದ್ದಾಗ ನನ್ನವರು ಒಂದು ಮಾತು ಕೇಳಿದರು. "ಇದರಲ್ಲಿ ಹೆಂಗಸರು ಎಲ್ಲಿದ್ದಾರೆ?"

ಉತ್ತರ ಕೊಟ್ಟಿದ್ದು ಅಮ್ಮ. ಊಟ ಮುಗಿಸಿ ಕೆಳಗಿಳಿದು ಮಾಹಿಮ್ ಕಡೆಗೆ ಟ್ಯಾಕ್ಸಿ ಹಿಡಿದೆವು. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರದ ಮುಂದೆ ಇಳಿಯುವಾಗ ಅಮ್ಮ ಡ್ರೈವರನಿಗೆ, "ಕಿತನಾ ಹುವಾ ಭಾಯ್?" ಅಂದಳು. ಅಮ್ಮನ ಬಾಯಲ್ಲಿ ಹಿಂದಿ ನಾನು ಯಾವತ್ತೂ ಕೇಳಿರಲಿಲ್ಲ. ಎಲ್ಲಿ ಕಲಿತೆ ಎಂದು ಕೇಳಿದೆ.

ಅಮ್ಮನಿಗೆ ಏಳು ವರ್ಷವಾಗಿದ್ದಾಗ, 1968ರ ಸುಮಾರಿಗೆ, ಅಜ್ಜಯ್ಯ ಬೇಸಿಗೆಗೆ ಊರಿಗೆ ಬಂದವರು ಅಜ್ಜಿಯ ಹತ್ತಿರ "ಮುಂದಿನ ವರ್ಷ ನಿನ್ನನ್ನೂ ಮಗುವನ್ನೂ ಕರೆದುಕೊಂಡು ಹೋಗುತ್ತೇನೆ" ಅಂದಿದ್ದರಂತೆ. ಅಜ್ಜಿ ತಯಾರಿ ಶುರುಮಾಡಿದರು. ಪಕ್ಕದ ಮನೆಯ ಹುಡುಗನ ಹಿಂದಿ ಪುಸ್ತಕ ತರಿಸಿ, ಅಮ್ಮನ ಕೈಯಲ್ಲಿ ಕನ್ನಡ ಅಕ್ಷರದಲ್ಲೇ ಶಬ್ದ ಬರೆಸಿದರು. ಪಾನಿ, ಚಾವಲ್, ನಮಕ್, ಕಿತನಾ ಹುವಾ, ಕಹಾಂ ಜಾನಾ ಹೈ. ಬತ್ತ ಕುಟ್ಟುವಾಗ, ಹಟ್ಟಿ ಗುಡಿಸುವಾಗ ಇಬ್ಬರೂ ಬಾಯಿಪಾಠ ಹೇಳುತ್ತಿದ್ದರು. ಮರುವರ್ಷ ಅಜ್ಜಯ್ಯನ ಕಾಗದ ಬಂತು. ಖೋಲಿಗೆ ಕೇಳುವ ಪಗಡಿ ಹೊಂದಿಸಲು ಆಗಲಿಲ್ಲ, ಹೋಟೆಲಿನಲ್ಲಿ ಸಂಸಾರ ಇಡಲು ಆಗುವುದಿಲ್ಲ, ಇನ್ನೊಂದು ವರ್ಷ ನೋಡೋಣ ಎಂದು. ಅಜ್ಜಿ ಮತ್ತೆ ಆ ವಿಷಯ ಎತ್ತಲಿಲ್ಲ. ಅಜ್ಜಯ್ಯ 1979ರಲ್ಲಿ ಊರಿಗೇ ಮರಳಿದರು. ಅಜ್ಜಿ ಮುಂಬಯಿ ನೋಡದೆಯೇ ತೀರಿಕೊಂಡರು.

"ಅಮ್ಮಂಗೆ ಹೇಳ್ಕೊಟ್ಟ್ ಹಿಂದಿ ನಾ ಇವತ್ ಖರ್ಚ್ ಮಾಡ್ದೆ" ಎಂದು ಅಮ್ಮ ನಕ್ಕಳು. ನನಗೆ ನಗು ಬರಲಿಲ್ಲ.

ನಮ್ಮ ಇತಿಹಾಸದಲ್ಲಿ ಹೆಂಗಸರು ಎಲ್ಲಿ ಎಂಬುದಕ್ಕೆ ಇದೇ ಉತ್ತರ. ಮುಂಬಯಿಯ ಉಡುಪಿ ಹೋಟೆಲು ನಿಂತದ್ದು ಅಲ್ಲಿಯ ಗಂಡಸರ ಬೆವರಿನಿಂದ ಮಾತ್ರವಲ್ಲ. ಊರಿನಲ್ಲಿ ಗದ್ದೆ, ಅತ್ತೆ ಮಾವ, ದನಕರು, ಮಕ್ಕಳನ್ನು ಒಬ್ಬಳೇ ನೋಡಿಕೊಂಡು, ಮನಿಯಾರ್ಡರಿಗೆ ಹೆಬ್ಬೆಟ್ಟು ಒತ್ತಿದ ಹೆಂಗಸರಿಂದಲೂ. ಸಂಘದ ಸುವರ್ಣ ಮಹೋತ್ಸವದ ಫೋಟೋಗಳಲ್ಲಿ ಅವರು ಇಲ್ಲ, ಯಾಕೆಂದರೆ ಅವರು ಮುಂಬಯಿಯಲ್ಲೇ ಇರಲಿಲ್ಲ.

ಇದ್ದವರೂ ಇದ್ದರು ಅನ್ನಿ. ವಾಪಸು ಬರುವಾಗ ಚೌಪಾಟಿಯ ಮೇಲೆ ಬಂದೆವು. 1930ರ ಏಪ್ರಿಲ್‌ನಲ್ಲಿ ಇಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ ಮುಂದೆ ನಿಂತವರು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಆಗ ಅವರಿಗೆ ಇಪ್ಪತ್ತೇಳು ವರ್ಷ. ಗಾಂಧೀಜಿಯವರ ದಂಡಿಯಾತ್ರೆಯ ಸಾಲಿನಲ್ಲಿ ಹೆಂಗಸರಿರಲಿಲ್ಲ. ಸತ್ಯಾಗ್ರಹದಿಂದ ಹೆಂಗಸರನ್ನು ಹೊರಗಿಡಬಾರದು ಎಂದು ಅವರ ಎದುರೇ ವಾದಿಸಿದವರು ಕಮಲಾದೇವಿ. ಇಲ್ಲಿ ಮಾಡಿದ ಉಪ್ಪಿನ ಪೊಟ್ಟಣಗಳನ್ನು ಅವರು ಷೇರು ಪೇಟೆಯೊಳಗೆ ಹೋಗಿ ಮಾರಿದರು, ಜೈಲಿಗೂ ಹೋದರು. ಇವತ್ತು ಮುಂಬಯಿಯಲ್ಲಿ ಬರೆಯುವ ಕನ್ನಡದ ಹೆಂಗಸರಿಗೆ 'ಸೃಜನಾ' ಎಂಬ ಲೇಖಕಿಯರದೇ ಬಳಗವಿದೆ. ಮನಿಯಾರ್ಡರಿಗೆ ಹೆಬ್ಬೆಟ್ಟು ಒತ್ತಿದವರ ಮೊಮ್ಮಕ್ಕಳ ಕಾಲ ಬಂದಿದೆ ಎನ್ನಬಹುದು.

ಗೇಟ್‌ವೇ ಮುಂದೆ ಹತ್ತು ನಿಮಿಷ ಮಾತ್ರ ಉಳಿದಿತ್ತು. 1911ರಲ್ಲಿ ಐದನೇ ಜಾರ್ಜ್ ಇಲ್ಲಿ ಇಳಿದದ್ದರ ನೆನಪಿಗೆ ಕಟ್ಟಿದ ಕಮಾನು ಇದು. ತಮಾಷೆಯೆಂದರೆ ರಾಜ ಬಂದಾಗ ಇದು ಇರಲೇ ಇಲ್ಲ. ಅಡಿಗಲ್ಲು ಇಟ್ಟದ್ದು 1913ರಲ್ಲಿ, ಮುಗಿದದ್ದು 1924ರಲ್ಲಿ. 1948ರ ಫೆಬ್ರವರಿ 28ರಂದು ಕೊನೆಯ ಬ್ರಿಟಿಷ್ ತುಕಡಿ ಇದರೊಳಗಿಂದಲೇ ನಡೆದು ಹಡಗು ಹತ್ತಿತು. ಮಗಳು ಫೋಟೋ ತೆಗೆದಳು. ಅಮ್ಮ, "ಚಂದ ಇತ್ತ್. ಆರೆ ಅಪ್ಪಯ್ಯನ ಬಾಗ್ಲ್ ಅಲ್ಲ" ಅಂದಳು.

ಐದಕ್ಕೆ ಹತ್ತು ನಿಮಿಷವಿರುವಾಗ ಹಡಗು ಹತ್ತಿದೆವು. ಡೆಕ್ಕಿನ ಮೇಲೆ ನಿಂತರೆ ಪೂರ್ವಕ್ಕೆ ಎರಡು ಗುಡ್ಡಗಳ ದ್ವೀಪ ಕಂಡಿತು. ಎಲಿಫೆಂಟಾ, ಅಲ್ಲಿಯವರ ಬಾಯಲ್ಲಿ ಘಾರಾಪುರಿ. ನೋಡಲಾಗದ ಜಾಗದ ಬಗ್ಗೆ ಮಗಳಿಗೆ ಕಥೆಯನ್ನಾದರೂ ಹೇಳೋಣ ಎಂದುಕೊಂಡೆ. ಆ ದ್ವೀಪದಲ್ಲೊಂದು ಕಲ್ಲಿನ ಆನೆಯಿತ್ತು, ಅದಕ್ಕೇ ಪೋರ್ಚುಗೀಸರು ಆ ಹೆಸರಿಟ್ಟರು. ಆನೆ ಈಗ ಬೈಕುಲಾದ ಉದ್ಯಾನದಲ್ಲಿದೆ. ಅದಕ್ಕೂ ಸಾವಿರ ವರ್ಷ ಹಿಂದೆ ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣವನ್ನು ನೂರಾರು ಹಡಗುಗಳಿಂದ ಮುತ್ತಿದ. ಹೀಗೆಂದು ರವಿಕೀರ್ತಿ ಕವಿ 634ರ ಐಹೊಳೆ ಶಾಸನದಲ್ಲಿ ಹೇಳಿ, ಆ ಹಡಗುಗಳನ್ನು ಮದಿಸಿದ ಆನೆಗಳಿಗೆ ಹೋಲಿಸಿದ್ದಾನೆ. ಆ ಪುರಿ ಈ ಘಾರಾಪುರಿಯೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ, ಜಂಜಿರಾ ಹತ್ತಿರದ ರಾಜಪುರಿ ಎನ್ನುವವರೂ ಇದ್ದಾರೆ. ಉಪನಗರದ ಕಾನ್ಹೇರಿ ಗುಹೆಗಳಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಶಾಸನಗಳಿವೆ. ಬೌದ್ಧ ಭಿಕ್ಷುಗಳಿಗೆ ಕೊಟ್ಟ ದಾನದ ಲೆಕ್ಕ ಅವು. 'ಕವಿರಾಜಮಾರ್ಗ'ದ ಕಾಲದ ದೊರೆಯ ಹೆಸರು ಬೋರಿವಲಿಯ ಕಾಡಿನಲ್ಲಿದೆ ಎಂದರೆ ನಂಬುತ್ತೀರಾ? ಅದನ್ನು ಮುಂದಿನ ಸಲದ ಶೀಟಿಗೆ ಬರೆದುಕೊಂಡಿದ್ದೇನೆ.

ಮಗಳು ಎಲ್ಲ ಕೇಳಿ, "ಪುಲಕೇಶಿಯೂ ಹಡಗಲ್ಲಿ ಬಂದ, ಮುತ್ತಜ್ಜನೂ ಹಡಗಲ್ಲಿ ಬಂದ್ರು, ನಾವೂ ಬಂದ್ವಿ" ಅಂದಳು. ಪುಲಕೇಶಿಯ ಬಂದದ್ದನ್ನು ಕಲ್ಲಿನಲ್ಲಿ ಕೆತ್ತಿಟ್ಟಿದ್ದಾರೆ, ಮುತ್ತಜ್ಜನದನ್ನು ನಾನು ಬರೆಯುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೆ.

ಕತ್ತಲಾಗುವ ಹೊತ್ತಿಗೆ ಹಡಗು ಬಂದರು ಬಿಟ್ಟು ದಕ್ಷಿಣಕ್ಕೆ ತಿರುಗಿತು. ರಾಮದಾಸ್ ಮುಳುಗಿದ್ದು ಈ ನೀರಿನಲ್ಲೇ. ಒಳಗೆ ಸಂಗೀತ, ಊಟದ ಗೌಜು. ಅಮ್ಮ ಹೊರಗೇ ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು. ನಾನು ಶಾಲು ತಂದು ಹೊದೆಸಿ ಪಕ್ಕದಲ್ಲಿ ಕೂತೆ. ಫೋನ್ ತೆಗೆದು, ಆ ನೋಟ್‌ಬುಕ್ಕಿನಲ್ಲಿದ್ದ ಶಬ್ದಗಳನ್ನೆಲ್ಲ ಹೇಳು ಎಂದೆ. ಒಂದೊಂದಾಗಿ ನೆನಪಿಸಿಕೊಂಡು ಹೇಳಿದಳು. ಇಪ್ಪತ್ತಮೂರು ಶಬ್ದ ಸಿಕ್ಕವು.

ಗೆಳತಿಯರೇ, ನಿಮ್ಮ ಮನೆಯಲ್ಲೂ ಯಾರೋ ಯಾವುದೋ ಧಕ್ಕೆಯಲ್ಲಿ, ಯಾವುದೋ ಸ್ಟೇಷನ್ನಿನಲ್ಲಿ ಇಳಿದಿರುತ್ತಾರೆ. ಹೋದವರ ಕಥೆ ನಿಮಗೆ ಗೊತ್ತಿರುತ್ತದೆ. ಊರಲ್ಲಿ ಉಳಿದವರ ಕಥೆಯನ್ನೂ ಒಮ್ಮೆ ಕೇಳಿ, ಬರೆದಿಟ್ಟುಕೊಳ್ಳಿ. ಕೇಳಲು ಹಿರಿಯರು ಇರುವಾಗಲೇ ಕೇಳಿ.